ಫೋಟೋದವನ ಕ್ಯಾಮರಾ ಹಗುರಾದ ವರ್ಷ

ಮೊನ್ನೆ ಮೊಮ್ಮಗಳ ನಿಶ್ಚಿತಾರ್ಥಕ್ಕೆ ಮೂಡಿಗೆರೆಯಿಂದ ಬಂದಿದ್ದ ಫೋಟೋದವನು ಊಟಕ್ಕೆ ಕೂರುವ ಮೊದಲು ಕ್ಯಾಮರಾವನ್ನು ನನ್ನ ಕೈಗೆ ಕೊಟ್ಟು, "ಅಜ್ಜಿ, ಸ್ವಲ್ಪ ಹಿಡ್ಕೊಳ್ಳಿ, ಮಕ್ಕಳು ಮುಟ್ತಾವೆ" ಅಂದ. ಮುಂದೆ ದಪ್ಪ ಲೆನ್ಸು, ಹಿಂದೆ ಅಂಗೈಯಗಲದ ಡಬ್ಬಿ. ಡಬ್ಬಿಯನ್ನು ಹಿಡಿದರೆ ಮೂತಿ ನೆಲಕ್ಕೆ ಬಗ್ಗಿತು. ನಾನು ಎಡಗೈಯನ್ನು ಲೆನ್ಸಿನ ಹೊಟ್ಟೆಗೆ ಕೊಟ್ಟೆ, ನೆಟ್ಟಗೆ ನಿಂತಿತು. "ಅಜ್ಜಿಗೆ ಹಿಡಿಯೋಕೆ ಬರ್ತದಲ್ಲ" ಅಂತ ಅವನು ನಕ್ಕ. ಬರ್ತದೆ. ಯಾರಿಂದ ಬಂತು ಅಂತ ಹೇಳಲಿಕ್ಕೆ ಕೂತರೆ ಅವನ ಪಾಯಸ ತಣ್ಣಗಾಗುತ್ತಿತ್ತು. ಹಾಗಾಗಿ ಇಲ್ಲಿ ಹೇಳುತ್ತೇನೆ.

ಅದು ತೊಂಬತ್ತರ ದಶಕದ ಕೊನೆ, ಕ್ಯಾಮರಾಕ್ಕೆ ಇನ್ನೂ ರೋಲು ಹಾಕುತ್ತಿದ್ದ ಕಾಲ. ಬಾಳೂರು ದಾಟಿ ಕಳಸದ ರಸ್ತೆ ಬಿಟ್ಟು ಮೇಲೆ ಹತ್ತಿದರೆ ನಮ್ಮ ಮನೆ. ಮನೆಯ ಸುತ್ತಲಿನ ತೋಟಕ್ಕೆ ಕಾಗದಪತ್ರ ಎಲ್ಲ ಇತ್ತು. ಮನೆಯ ಎದುರಿಗೆ ಒಂದು ಹಳ್ಳ. ಹಳ್ಳದ ಆಚೆ ದಿಬ್ಬದ ಮೇಲೆ ಒಂದೆಕರೆಯಷ್ಟು ರೊಬಸ್ಟಾ ಕಾಫಿ. ಅದಕ್ಕೆ ಮಾತ್ರ ಕಾಗದ ಇರಲಿಲ್ಲ. ನಮ್ಮ ಮಾವ ಕುರುಚಲು ಕಡಿದು ಗಿಡ ನೆಟ್ಟ ಜಾಗ. ನಾನು ಮದುವೆಯಾಗಿ ಬಂದಾಗ ಆ ಗಿಡಗಳು ನನ್ನ ಮಂಡಿಗೆ ಬರುತ್ತಿದ್ದವು. ಬೇಸಗೆಯಲ್ಲಿ ಹಳ್ಳದಿಂದ ಕೊಡದಲ್ಲಿ ನೀರು ಹೊತ್ತು ಹಾಕಿದವಳು ನಾನು. ಸಕ್ರಮ ಮಾಡಿಕೊಡಿ ಅಂತ ಅರ್ಜಿ ಹಾಕಿ ಕಾಯುತ್ತಿದ್ದೆವು. ಮನೆ ಸುತ್ತಲಿನ ತೋಟ ನಮ್ಮ ಊಟಕ್ಕೆ ಆಗುತ್ತಿತ್ತು. ಮಗನ ಓದು, ಮಗಳ ಬಾಣಂತನ, ಹೆಂಚು, ಔಷಧಿ ಎಲ್ಲ ದಿಬ್ಬದ ತೋಟದ್ದು. ಅದು ಕೈಬಿಟ್ಟರೆ ನಾವಿಬ್ಬರೂ ಬೇರೆಯವರ ಎಸ್ಟೇಟಿಗೆ ಕುಯ್ಲಿಗೆ ಹೋಗಬೇಕಿತ್ತು. ಹೋಗಲಾರದವಳೇನಲ್ಲ. ಹೋಗಲು ಮನಸ್ಸಿರಲಿಲ್ಲ.

ಆ ವರ್ಷ ಕುಯ್ಲು ಶುರುವಾದಾಗಿನಿಂದ ಊರಲ್ಲಿ ಒಂದೇ ಸುದ್ದಿ, ಒತ್ತುವರಿ ತೆರವು. ಕೆಳಗಿನ ಊರಲ್ಲಿ ಯಾರದೋ ಕಾಫಿ ಗಿಡವನ್ನು ಬುಡಸಮೇತ ಕಡಿದರಂತೆ. ಮರಕ್ಕೆ ಬಣ್ಣದ ಗುರುತು ಹಾಕಿ ಹೋದರಂತೆ. ಜೀಪಿನ ಶಬ್ದ ಕೇಳಿದರೆ ನಾನು ಒಲೆಯ ಮೇಲಿನ ಪಾತ್ರೆ ಬಿಟ್ಟು ಅಂಗಳಕ್ಕೆ ಬರುತ್ತಿದ್ದೆ. ಅಂಥ ಹೊತ್ತಿನಲ್ಲಿ ನಮ್ಮನೆಯವರು ಯಾರೋ ಒಬ್ಬನನ್ನು ಮನೆಗೆ ಕರೆತಂದರು. ಅವರಿಗೆ ಬಸ್‌ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಪಕ್ಕಕ್ಕೆ ಕೂತವರೆಲ್ಲ ನೆಂಟರೇ.

"ಇವರು ಶ್ರೀಧರ ಅಂತ, ದಾವಣಗೆರೆಯವರು. ಬ್ಯಾಂಕಲ್ಲಿ ಕೆಲಸ. ನಮ್ಮ ತಾರೆ ಮರದ ಮಂಗಟ್ಟೆ ಫೋಟೋ ತೆಗೀಬೇಕಂತೆ. ಗೋಡೌನಲ್ಲಿ ಮಲಗ್ತಾರೆ, ನಮ್ಮ ಜತೆ ಊಟ ಮಾಡ್ತಾರೆ" ಅಂದರು.

ಮೂವತ್ತು ದಾಟಿದ ಆಳು. ಹಸಿರು ಅಂಗಿ, ಹಸಿರು ಟೊಪ್ಪಿ. ಬ್ಯಾಂಕಿನವರು ಹಸಿರು ಹಾಕಿದ್ದು ನಾನು ನೋಡಿರಲಿಲ್ಲ. ಹಸಿರು ಹಾಕುವವರು ಫಾರೆಸ್ಟಿನವರು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು.

"ಬ್ಯಾಂಕಿನವರಿಗೆ ಹಕ್ಕಿ ಎಂಥಕ್ಕೆ?" ಅಂತ ಕೇಳಿದೆ.

"ಹವ್ಯಾಸ ಅಮ್ಮ."

"ದಾವಣಗೆರೇಲಿ ಹಕ್ಕಿ ಇಲ್ವಾ?"

"ಇದಾವೆ. ಕಾಗೆ, ಪಾರಿವಾಳ."

ನಮ್ಮನೆಯವರು ನಕ್ಕರು. ನಾನು ನಗಲಿಲ್ಲ. ತಾರೆ ಮರ ಇದ್ದದ್ದು ದಿಬ್ಬದ ತೋಟದ ತುದಿಯಲ್ಲಿ, ನಮ್ಮ ಬೇಲಿಯ ಪಕ್ಕದಲ್ಲೇ. ಆ ಮರದ ಪೊಟರೆಗೆ ಎಷ್ಟೋ ವರ್ಷದಿಂದ ದೊಡ್ಡ ಮಂಗಟ್ಟೆಗಳು ಬರುತ್ತಿದ್ದವು. ಹೆಣ್ಣು ಒಳಗೆ ಹೋಗಿ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ಹಾಯುವಷ್ಟು ಸೀಳು ಬಿಟ್ಟುಕೊಂಡು. ಮರಿ ಬಲಿಯುವವರೆಗೂ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಅದು ಹಾರಿ ಬರುವಾಗ ರೆಕ್ಕೆಯ ಶಬ್ದ ನಮ್ಮ ಅಡುಗೆಮನೆಗೆ ಕೇಳುತ್ತದೆ. ಇದೆಲ್ಲ ನಮಗೆ ಹೊಸದಲ್ಲ. ಆದರೆ ಈ ಬೆಟ್ಟದಲ್ಲಿ ಇಷ್ಟು ಮರ ಇರುವಾಗ ಕಾಗದವಿಲ್ಲದ ತೋಟದ ಅಂಚಿಗೇ ಬಂದು ನಿಲ್ಲುವ ಹವ್ಯಾಸ ನನಗೆ ಹಿಡಿಸಲಿಲ್ಲ.

ಅವನ ಚೀಲದಿಂದ ಮೊದಲು ಬಂದದ್ದು ಲೆನ್ಸು. ನನ್ನ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ, ತುದಿಗೆ ಹೋಗುತ್ತಾ ದಪ್ಪ, ಹಸಿರು ಬಟ್ಟೆ ಸುತ್ತಿದ್ದ. ಆಮೇಲೆ ಕ್ಯಾಮರಾ. ಕಪ್ಪು ಬಣ್ಣ ಅಂಚಿನಲ್ಲೆಲ್ಲ ಸವೆದು ಹಿತ್ತಾಳೆ ಕಾಣುತ್ತಿತ್ತು. ಎರಡನ್ನೂ ತಿರುಗಿಸಿ ಕೂಡಿಸಿದ. ಎತ್ತುವಾಗ ಕ್ಯಾಮರಾ ಹಿಡಿದು ಎತ್ತಲಿಲ್ಲ, ಲೆನ್ಸಿನ ಅಡಿಗೆ ಒಂದು ಕಾಲಿನಂಥದು ಇತ್ತು, ಅದನ್ನು ಹಿಡಿದು ಎತ್ತಿದ. ಡಬ್ಬಿ ಹಿಡಿದು ಎತ್ತಿದರೆ ಲೆನ್ಸಿನ ಭಾರಕ್ಕೆ ನಡುವಿನ ಬಳೆ ಸಡಿಲವಾಗುತ್ತದಂತೆ.

"ಎಷ್ಟು ದೂರ ಕಾಣ್ತದೆ ಇದರಲ್ಲಿ?"

"ನೋಡಿ ಬೇಕಾದ್ರೆ. ಎಡಗೈ ಲೆನ್ಸಿನ ಕೆಳಗೆ ಕೊಡಿ. ಭಾರ ಎಲ್ಲ ಆ ಕೈಲಿರಲಿ. ಮೊಣಕೈ ಪಕ್ಕೆಗೆ ಒತ್ಕೊಳ್ಳಿ. ಬಲಗೈ ಸುಮ್ಮನೆ ಹಿಂದೆ ಇರಲಿ."

ಭಾರವಾಗಿತ್ತು. ಆದರೆ ಹಿಂದಿನ ಭಾರ ಮುಂದಿನ ಭಾರ ಒಂದಕ್ಕೊಂದು ಸರಿಹೋಗಿ, ತುಂಬಿದ ಕೊಡ ಸೊಂಟದ ಮೇಲೆ ಕೂತ ಹಾಗೆ ಅಂಗೈಯಲ್ಲಿ ಕೂತಿತು. ಕಣ್ಣು ಇಟ್ಟೆ. ಅಂಗಳದಲ್ಲಿ ನಿಂತವಳಿಗೆ ಹಳ್ಳದ ಆಚೆಯ ನನ್ನ ಬೇಲಿ ಮೂಗಿನ ಮುಂದೆ ಬಂತು. ತಂತಿಯ ಒಂದೊಂದು ಮುಳ್ಳು ಕಂಡಿತು. ಬೇಲಿಯ ಈಚೆಗೆ, ಗಿಡಗಳ ನಡುವೆ ಹೂತಿದ್ದ ಹಳೇ ಸರ್ವೆ ಕಲ್ಲೂ ಕಂಡಿತು. ಕಲ್ಲಿನವರೆಗೆ ನಮ್ಮದು ಅಂದರೂ ಬೇಲಿ ಅದರಿಂದ ಎಷ್ಟು ಮುಂದೆ ಹೋಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ಬರಿಗಣ್ಣಿಗೆ ಅದು ಎಂದೂ ಕಂಡದ್ದಿಲ್ಲ.

ನಾನು ವಾಪಸ್ ಕೊಟ್ಟೆ. "ಹಕ್ಕಿ ಕಾಣ್ಲಿಲ್ಲ" ಅಂದೆ.

"ನೀವು ಬೇಲಿ ನೋಡ್ತಿದ್ರಿ ಅಮ್ಮ. ಮರ ಇನ್ನೂ ಬಲಕ್ಕೆ."

ನಾನು ಏನು ನೋಡುತ್ತಿದ್ದೆ ಅಂತ ಅವನಿಗೆ ಹೇಗೆ ಗೊತ್ತು? ಆ ರಾತ್ರಿ ನಮ್ಮನೆಯವರಿಗೆ ಹೇಳಿದೆ. ಅವರು, "ಲೆನ್ಸು ಯಾವ ಕಡೆ ಇದೆ ಅಂತ ಪಕ್ಕದಲ್ಲಿ ನಿಂತವರಿಗೆ ಕಾಣೋದಿಲ್ವಾ ಮಾರಾಯ್ತಿ" ಅಂತ ಮಗ್ಗುಲಾದರು.

ಒಂದು ವಾರ ಇದ್ದ. ಬೆಳಿಗ್ಗೆ ಕತ್ತಲಿರುವಾಗಲೇ ದಿಬ್ಬ ಹತ್ತಿ, ಗಿಡಗಳ ನಡುವೆ ಸೊಪ್ಪು ಕಟ್ಟಿಕೊಂಡು ಕೂರುತ್ತಿದ್ದ. ನಾನು ಕಣದಲ್ಲಿ ಕಾಫಿ ಕೈಯಾಡಿಸುತ್ತಾ ಅವನ ಕಡೆ ಒಂದು ಕಣ್ಣು ಇಟ್ಟಿರುತ್ತಿದ್ದೆ. ರಜೆ ಮುಗಿಯಿತು ಅಂತ ಹೋದ. ಹೋದವನು ಬರುವುದಿಲ್ಲ ಅಂದುಕೊಂಡೆ.

ಹೂಮಳೆ ಬಿತ್ತು. ತೋಟವೆಲ್ಲ ಬೆಳ್ಳಗಾಗಿ, ಜೇನು ಗುಂಯ್‌ಗುಟ್ಟಿ, ಹೂವು ಕಂದಾಗುವ ಹೊತ್ತಿಗೆ ಮತ್ತೆ ಬಂದ. ಮರಿ ಹಾರುವವರೆಗೆ ಇರುತ್ತೇನೆ ಅಂತ ಈ ಸಲ ಉದ್ದ ರಜೆ ಹಾಕಿದ್ದನಂತೆ. ಅದೇ ಚೀಲ, ಅದೇ ಲೆನ್ಸು. ಅವನು ಸ್ನಾನಕ್ಕೆ ಹೋದಾಗ ಗೋಡೌನು ಗುಡಿಸಲು ಹೋದೆ. ಚಾಪೆಯ ಮೇಲಿದ್ದ ಕ್ಯಾಮರಾವನ್ನು ಪಕ್ಕಕ್ಕಿಡಲು ಎತ್ತಿದೆ. ಹಗುರ. ಬೆಂಕಿಪೆಟ್ಟಿಗೆಯ ಹಾಗೆ ಹಗುರ. ಸವೆದ ಅಂಚೂ ಇಲ್ಲ, ಹಿತ್ತಾಳೆಯೂ ಇಲ್ಲ.

ನಮ್ಮಲ್ಲಿ ಕುಯ್ಲಿನ ಸಂಜೆ ಪ್ರತಿಯೊಬ್ಬರ ಹಣ್ಣನ್ನೂ ತೂಗುತ್ತೇವೆ. ಚೀಲದ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿದ್ದರೆ ತಳದಲ್ಲಿ ಕಲ್ಲು ಇದೆ ಅಂತ ಅರ್ಥ. ಸಂಜೆ ತೂಗಿದ ಚೀಲ ಬೆಳಿಗ್ಗೆ ಹಗುರಾಗಿದ್ದರೆ ಯಾರೋ ಕೈ ಹಾಕಿದ್ದಾರೆ ಅಂತ ಅರ್ಥ. ಇದಕ್ಕೆ ಮೂರನೆಯ ಅರ್ಥ ನನಗೆ ಯಾರೂ ಹೇಳಿಕೊಟ್ಟಿಲ್ಲ. ಕ್ಯಾಮರಾ ಹಗುರಾಗಿದೆ ಅಂದರೆ ಅದರಲ್ಲಿದ್ದದ್ದು ಎಲ್ಲೋ ಇಳಿದಿದೆ. ಆ ಭಾರದ ಕ್ಯಾಮರಾ ನನ್ನ ಬೇಲಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಯಾವುದೋ ಆಫೀಸಿನ ಮೇಜಿನ ಮೇಲೆ ಕೂತಿದೆ ಅಂತ ನಾನು ತೀರ್ಮಾನ ಮಾಡಿದೆ.

ತಿಂಡಿಗೆ ಕೂತಾಗ ಕೇಳಿಯೇಬಿಟ್ಟೆ. "ಹಳೇ ಕ್ಯಾಮರಾ ಎಲ್ಲಿ?"

"ರಿಪೇರಿಗೆ ಹೋಗಿದೆ ಅಮ್ಮ. ಒಳಗಿನ ಪರದೆ ಸಿಕ್ಕಿಹಾಕ್ಕೊಳ್ತಿತ್ತು. ಇದು ನಮ್ಮ ಭಾವನದು."

"ಯಾವ ಊರಲ್ಲಿ ರಿಪೇರಿ?"

"ಬೆಂಗಳೂರಲ್ಲಿ."

"ಯಾವ ಅಂಗಡಿ?"

ನಮ್ಮನೆಯವರು ರೊಟ್ಟಿ ಬಾಯಲ್ಲಿಟ್ಟುಕೊಂಡೇ, "ಏ, ಬಿಡೆ. ಪೊಲೀಸ್ ಸ್ಟೇಷನ್ನಾ ಇದು?" ಅಂದರು.

"ಕೇಳಿದ್ರೆ ತಪ್ಪೆಂತದು? ಹಗುರ ಆಯ್ತಲ್ಲ, ಒಳ್ಳೇದೇ. ಹೊರೋದು ತಪ್ತು."

"ಒಳ್ಳೇದಲ್ಲ ಅಮ್ಮ, ಅದೇ ಕಷ್ಟ" ಅಂದ ಶ್ರೀಧರ. ಊಟ ತಿಂಡಿಯ ಹೊತ್ತಿಗೆ ಹೆಚ್ಚು ಮಾತಾಡುವವನಲ್ಲ, ಈ ವಿಷಯಕ್ಕೆ ಮಾತ್ರ ಬಾಯಿ ಬಂತು. ಲೆನ್ಸು ಮೊದಲಿನಷ್ಟೇ ಭಾರ. ಹಿಂದೆ ಅದನ್ನು ಎಳೆದು ಹಿಡಿಯುವ ಭಾರ ಇಲ್ಲ. ಹಾಗಾಗಿ ಮೂತಿ ಕೆಳಗೆ ಬೀಳುತ್ತದೆ, ಬಲಗೈ ಅದನ್ನು ಎತ್ತಲು ಹಿಂಡುತ್ತದೆ, ಹಿಂಡಿದ ಕೈ ನಡುಗುತ್ತದೆ. ಭಾರದ ಕ್ಯಾಮರಾ ತೋಳನ್ನು ನೋಯಿಸುತ್ತದೆ ನಿಜ, ಆದರೆ ಬೆರಳು ಗುಂಡಿ ಒತ್ತಿದಾಗ ಅಲ್ಲಾಡುವುದಿಲ್ಲ. ಹಗುರದ್ದು ಒತ್ತಿದರೆ ಸಾಕು ಅಲ್ಲಾಡುತ್ತದೆ. ಇಲ್ಲಿ ಒಂದು ನೂಲು ಅಲ್ಲಾಡಿದರೆ ಅಲ್ಲಿ ಮರದಲ್ಲಿ ಒಂದು ಮಾರು.

"ಮೂರು ಕಾಲಿನ ಸ್ಟ್ಯಾಂಡ್ ಇದೆಯಲ್ಲ ನಿಮ್ಹತ್ರ?"

"ಕೂತ ಹಕ್ಕಿಗೆ ಅದು ಸರಿ. ಗಂಡು ಹಾರ್ಕೊಂಡು ಬರೋವಾಗ ಅದರ ಜತೆ ತಿರುಗಬೇಕಲ್ಲ. ಆ ಇಳಿಜಾರಲ್ಲಿ, ಗಿಡದ ಮಧ್ಯ ಮೂರು ಕಾಲಿಗೆ ಜಾಗ ಎಲ್ಲಿದೆ?"

ಕಾರಣ ಸರಿಯಾಗಿಯೇ ಇತ್ತು. ಕಾರಣ ಸರಿಯಾದ ಮಾತ್ರಕ್ಕೆ ಮನುಷ್ಯ ಸರಿ ಅಂತ ಆಗುವುದಿಲ್ಲ. ಚೀಲದ ತಳದಲ್ಲಿ ಕಲ್ಲಿಟ್ಟವರೂ ಒಳ್ಳೊಳ್ಳೆಯ ಕಾರಣ ಹೇಳುವುದನ್ನು ನಾನು ಕೇಳಿದ್ದೇನೆ.

ಆದರೆ ಅವನು ಮೂಡಿಗೆರೆಯ ಸ್ಟುಡಿಯೋದಲ್ಲಿ ತೊಳೆಸಿ ತಂದ ಫೋಟೋ ನೋಡಿದೆ. ಮೊದಲ ಸಲದ್ದರಲ್ಲಿ ಹಕ್ಕಿಯ ಕಣ್ಣಿನ ರೆಪ್ಪೆಗೂದಲು ಎಣಿಸಬಹುದಿತ್ತು. ಎರಡನೆಯ ಸಲದ್ದರಲ್ಲಿ ಮಂಗಟ್ಟೆಯೂ ಇಲ್ಲ, ಮರವೂ ಇಲ್ಲ, ಒದ್ದೆ ಬಟ್ಟೆಯಲ್ಲಿ ಸ್ಲೇಟು ಒರೆಸಿದ ಹಾಗಿತ್ತು. ಒಂದು ಕಟ್ಟು ಪೂರ್ತಿ ಹಾಗೇ. ಅವನು ಅದನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಸಂಜೆವರೆಗೆ ಕಣದ ಕಟ್ಟೆಯ ಮೇಲೆ ಕೂತಿದ್ದ. ನಾಟಕ ಮಾಡುವವನು ಯಾರೂ ಇಲ್ಲದ ಕಡೆ ಅಷ್ಟು ಹೊತ್ತು ಕೂರುತ್ತಾನಾ ಅಂತ ನನಗೂ ಅನ್ನಿಸಿತು. ಕಿಟಕಿಯಲ್ಲಿ ನಾನಿದ್ದೆನಲ್ಲ, ಅದು ಅವನಿಗೆ ಗೊತ್ತಿತ್ತೋ ಏನೋ ಅಂತಲೂ ಅನ್ನಿಸಿತು.

ಮರುದಿನ ಅಡುಗೆಮನೆ ಬಾಗಿಲಿಗೆ ಬಂದು, "ಅಮ್ಮ, ಮೆಣಸು ತೂಗೋ ತಕ್ಕಡಿದು ಅರ್ಧ ಕೆಜಿ ಬಟ್ಟು ಇದೆಯಲ್ಲ, ಕೊಡ್ತೀರಾ?" ಅಂದ.

"ಎಂಥಕ್ಕೆ?"

"ಕ್ಯಾಮರಾಕ್ಕೆ ಕಟ್ಟೋಕೆ."

ಕಬ್ಬಿಣದ ಬಟ್ಟನ್ನು ಕ್ಯಾಮರಾಕ್ಕೆ ಕಟ್ಟುವವನನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಕೊಟ್ಟೆ, ಆದರೆ ಜತೆಗೇ ಹೋದೆ. ನನ್ನ ಕಣ್ಣೆದುರೇ ಕಟ್ಟಬೇಕು ಅಂದೆ. ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯ ಹಾಗೆ ಕತ್ತರಿಸಿ, ಬಟ್ಟನ್ನು ಕ್ಯಾಮರಾದ ಅಡಿಗೆ ಇಟ್ಟು ಬಿಗಿಯಾಗಿ ಸುತ್ತಿದ. ಎತ್ತಿ ನೋಡಿದ. ಎಡಗೈಯನ್ನು ಲೆನ್ಸಿನ ಅಡಿಯಲ್ಲಿ ಸ್ವಲ್ಪ ಹಿಂದಕ್ಕೆ ತಂದ. ಮೂತಿ ಮೇಲೆದ್ದಿತು.

"ನೋಡಿ" ಅಂತ ಕೊಟ್ಟ.

ಮೊದಲಿಗಿಂತ ಭಾರ, ಆದರೆ ಹಿಡಿಯಲು ಸುಲಭ. ಬೇಕೆಂತಲೇ ಬಟ್ಟು ಬಿಚ್ಚಿಸಿ ಇನ್ನೊಮ್ಮೆ ಹಿಡಿದೆ. ಆ ಕೂಡಲೇ ಮೂತಿ ಬಗ್ಗಿತು, ಕಣ್ಣಿಟ್ಟ ಗಾಜಿನಲ್ಲಿ ತಾರೆ ಮರ ಗಾಳಿ ಬೀಸಿದ ಹಾಗೆ ತೂಗಾಡಿತು. ಗಾಳಿ ಇರಲಿಲ್ಲ. ಮತ್ತೆ ಕಟ್ಟಿಸಿದೆ. ಮರ ನಿಂತಿತು. ಗಂಡು ಮಂಗಟ್ಟೆ ಬಂದು ಕೂತು, ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಸೀಳಿನಲ್ಲಿ ಕೊಡುತ್ತಿತ್ತು. ಒಳಗಿನ ಕೊಕ್ಕು ಬಂದು ತಗೊಂಡು ಹೋಗುತ್ತಿತ್ತು. ತಿಂಗಳುಗಟ್ಟಲೆ ಒಲೆ ಹಚ್ಚದೆ ಕೂತು ಉಣ್ಣುವ ಹೆಂಗಸು. ನಮ್ಮನೆಯವರನ್ನು ಕರೆದು ತೋರಿಸಿದೆ. "ಅದಕ್ಕೆ ಅವಳು ಬಾಯಿ ಮುಚ್ಕೊಂಡು ಕೂತಿರೋದು" ಅಂದರು. ಆವತ್ತು ಅವರಿಗೆ ಮಧ್ಯಾಹ್ನದ ಚಾ ಕೊಡಲಿಲ್ಲ.

ಇಷ್ಟಾದ ಮೇಲೆ ನನ್ನ ಅನುಮಾನ ಸ್ವಲ್ಪ ಸಡಿಲವಾಗಿತ್ತು ಅಂತಲೇ ಹೇಳಬೇಕು. ಆಗಲೇ ನನ್ನ ಓರಗಿತ್ತಿ ಸಾವಿತ್ರಿ ಬಂದಳು. ಮೈದುನನ ಹೆಂಡತಿ, ಮೂಡಿಗೆರೆ ಸಂತೆಗೆ ಹೋಗಿ ಬರುತ್ತಿದ್ದಳು. ಚೀಲ ಇಳಿಸುವ ಮೊದಲೇ, "ಅಕ್ಕ, ನಿಮ್ಮನೆ ಫೋಟೋದವರು ರೇಂಜ್ ಆಫೀಸಲ್ಲಿ ಕೂತಿದ್ರು. ಫಾರೆಸ್ಟರ್ ಜತೆ ಚಾ ಕುಡೀತಾ, ಫೋಟೋ ತೋರಿಸ್ತಾ" ಅಂದಳು.

"ಸರಿಯಾಗಿ ನೋಡಿದ್ಯಾ?"

"ಆ ಹಸಿರು ಟೊಪ್ಪಿ ಇನ್ಯಾರಿಗಿದೆ?"

ಅವನು ಸಂಜೆ ಬರುವವರೆಗೆ ನಾನು ಕಣದಲ್ಲೇ ನಿಂತಿದ್ದೆ. ಬಂದವನಿಗೆ ನೀರು ಕೊಡಲಿಲ್ಲ.

"ರೇಂಜ್ ಆಫೀಸಿಗೆ ಎಂಥಕ್ಕೆ ಹೋಗಿದ್ರಿ?"

ಅವನು ಮುಚ್ಚಿಡಲಿಲ್ಲ. "ಮೇಲಿನ ಕಾಡಿಗೆ ಹೋಗೋಕೆ ಪರ್ಮಿಷನ್ ಕೇಳೋಕೆ. ಎಲ್ಲಿ ಇದ್ದೀರಿ, ಏನು ತೆಗೆದ್ರಿ ಅಂತ ಕೇಳಿದ್ರು. ಗೂಡಿನ ಫೋಟೋ ತೋರಿಸ್ದೆ."

"ಗೂಡು ಎಲ್ಲಿದೆ ಅಂತಾನೂ ಹೇಳಿದ್ರಾ?"

"ಹೇಳ್ದೆ. ಯಾಕಮ್ಮ?"

"ಯಾಕಾ? ಆ ತೋಟಕ್ಕೆ ಕಾಗದ ಇಲ್ಲ. ಅಲ್ಲಿ ಹಕ್ಕಿ ಗೂಡಿದೆ, ಅದು ಕಾಡು, ತೋಟ ಅಲ್ಲ ಅಂತ ನಾಳೆ ಬಂದು ನಿಲ್ತಾರೆ. ನಿಮ್ಮ ಬಾಯಲ್ಲೇ ಹೇಳಿ ಬಂದ್ರಲ್ಲ."

ಅವನ ಮುಖ ಪೆಚ್ಚಾಯಿತು. "ನನಗೆ ಗೊತ್ತಿರ್ಲಿಲ್ಲ" ಅಂದ. ಬ್ಯಾಂಕಿನಲ್ಲಿ ದಿನಾ ಕಾಗದ ನೋಡುವವನಿಗೆ ಕಾಗದವಿಲ್ಲದ ಜಾಗ ಗೊತ್ತಿರಲಿಲ್ಲವಂತೆ. ನಾನು ಆ ಮಾತಿಗೆ ಬೆಲೆ ಕೊಡಲಿಲ್ಲ. ಅವನ ಎದುರಿಗೇ ಬಾಬುಗೆ ಹೇಳಿ ಕಳಿಸಿದೆ. ಬಾಬು ನಮ್ಮ ಕಡೆ ಮರಗಸಿ ಮಾಡುವವನು. ಮಳೆಗಾಲಕ್ಕೆ ಮೊದಲು ಕಾಫಿಗೆ ಬೆಳಕು ಬೀಳಲಿ ಅಂತ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ ಅದು. ಪ್ರತಿ ವರ್ಷ ಆಗಬೇಕಾದ್ದೇ, ಆದರೆ ತಾರೆ ಮರವನ್ನು ನಾವು ಯಾವತ್ತೂ ಮರಿ ಹಾರಿದ ಮೇಲೆಯೇ ಮುಟ್ಟುತ್ತಿದ್ದದ್ದು. ಈ ಸಲ ಮೊದಲು ಆ ಮರ ಹತ್ತು, ಪೊಟರೆ ಮುಂದಿನ ಕೊಂಬೆಯೆಲ್ಲ ಇಳಿಸು ಅಂತ ಹೇಳಿದೆ. ಗಂಡಿಗೆ ಕೂರಲು ಕೊಂಬೆ ಇಲ್ಲ ಅಂದರೆ ಅದು ಬರುವುದಿಲ್ಲ. ಗೂಡು ಖಾಲಿಯಾದರೆ ತೋರಿಸಲು ಏನೂ ಉಳಿಯುವುದಿಲ್ಲ.

"ಒಳಗೆ ಮರಿ ಇದೆ ಅಮ್ಮ" ಅಂದ ಶ್ರೀಧರ. "ಗಂಡು ಬರದಿದ್ರೆ ಎರಡೂ ಒಳಗೇ ಸಾಯ್ತವೆ."

"ತೋಟ ಹೋದ್ರೆ ನಿಮ್ಮ ಹಕ್ಕಿ ಬಂದು ನಂಗೆ ಹಣ್ಣು ಕೊಡ್ತದಾ?"

ನಮ್ಮನೆಯವರು ನಡುವೆ ಬಂದು, "ಏ, ಮಾತು ಬಿಗಿ ಹಿಡಿ" ಅಂದರು. ನಾನು ಹಿಡಿಯಲಿಲ್ಲ. ಅವನು ಗೋಡೌನಿಗೆ ಹೋದ. ಊಟಕ್ಕೆ ಬರಲಿಲ್ಲ, ನಾನೂ ಕರೆಯಲಿಲ್ಲ.

ಬಾಬು ಬಂದದ್ದು ಎರಡು ದಿನ ಬಿಟ್ಟು, ಮಧ್ಯಾಹ್ನದ ಮೇಲೆ. ಹಗ್ಗ, ಕತ್ತಿ ಜಗಲಿಯ ಮೇಲಿಟ್ಟು ಎಲೆಯಡಿಕೆ ಹಾಕುತ್ತಿದ್ದ. ಮೋಡ ಕವಿದು ಬೆಳಕು ಮಂಕಾಗಿತ್ತು. ಆಗಲೇ ಜೀಪು ಬಂತು. ಫಾರೆಸ್ಟರ್ ಇಳಿದರು, ಜತೆಗೆ ಒಬ್ಬ ಗಾರ್ಡ್. ಒಳ್ಳೆಯ ಮಾತಿನ ಮನುಷ್ಯ, ಕೂಗಾಟ ಇಲ್ಲ. ನಮ್ಮನೆಯವರು ಕುರ್ಚಿ ಹಾಕಿದರು.

"ಗೌಡ್ರೆ, ನಿಮ್ಮ ದಿಬ್ಬದ ತೋಟದ ಬಗ್ಗೆ ರಿಪೋರ್ಟ್ ಹಾಕಬೇಕು. ಸರ್ವೆ ಕಲ್ಲು ಎಲ್ಲಿದೆ, ಬೇಲಿ ಎಲ್ಲಿದೆ ಅಂತ ಫೋಟೋ ಇದ್ರೆ ಮಳೆಗೆ ಮೊದಲೇ ತೆರವಿಗೆ ಆರ್ಡರ್ ಆಗ್ತದೆ. ಹತ್ರ ಹೋದ್ರೆ ಗಿಡ ಅಡ್ಡ ಬರ್ತದೆ, ಎರಡೂ ಒಟ್ಟಿಗೆ ಬರೋದಿಲ್ಲ" ಅಂದರು. ಆಮೇಲೆ ಶ್ರೀಧರನ ಕಡೆ ತಿರುಗಿ, "ನಿಮ್ಮ ದೊಡ್ಡ ಲೆನ್ಸಲ್ಲಿ ಇಲ್ಲಿಂದಲೇ ಬರ್ತದಲ್ಲ ಸಾರ್? ಒಂದು ನಾಲ್ಕು ತೆಗೆದುಕೊಡಿ. ಪರ್ಮಿಷನ್ ವಿಷಯ ನಾನು ನೋಡ್ಕೊಳ್ತೀನಿ" ಅಂದರು.

ಕಲ್ಲೂ ಬೇಲಿಯೂ ಒಂದೇ ನೋಟಕ್ಕೆ. ನಾನು ಮೊದಲ ದಿನವೇ ಕಂಡದ್ದು. ನಾನು ಅವನ ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ.

"ತೆಗೀಬಹುದು ಸಾರ್" ಅಂದ.

ನಮ್ಮನೆಯವರು ನನ್ನ ಕಡೆ ನೋಡಲಿಲ್ಲ. ಶ್ರೀಧರ ಗೋಡೌನಿಗೆ ಹೋಗಿ ಕ್ಯಾಮರಾ ತಂದ. ಜಗಲಿಯ ತುದಿಯಲ್ಲಿ ಕೂತು ಟ್ಯೂಬಿನ ಪಟ್ಟಿ ಬಿಚ್ಚತೊಡಗಿದ. ಒಂದೊಂದೇ ಸುತ್ತು ಬಿಚ್ಚಿ, ಬಟ್ಟನ್ನು ತೆಗೆದು ನನ್ನ ಪಕ್ಕದಲ್ಲಿ ಇಟ್ಟ. "ನಿಮ್ಮದು" ಅಂದ. ಅಷ್ಟೇ.

"ಅದೆಂತ ಸಾರ್ ಅದು?" ಅಂತ ಗಾರ್ಡ್ ಕೇಳಿದ.

"ಅಮ್ಮನ ತಕ್ಕಡಿದು."

"ಸ್ಟ್ಯಾಂಡ್ ಬೇಡ್ವಾ?" ಅಂತ ಫಾರೆಸ್ಟರ್ ಕೇಳಿದರು.

"ಗೂಡಿನ ಹತ್ರ ಬಿಟ್ಟು ಬಂದಿದ್ದೀನಿ."

ಎದ್ದು ನಿಂತ. ಎಡಗೈ ಲೆನ್ಸಿನ ಕೆಳಗೆ ಇರಬೇಕಾದ ಕಡೆ ಇರಲಿಲ್ಲ, ಹಿಂದೆ ಡಬ್ಬಿಯ ಪಕ್ಕದಲ್ಲಿತ್ತು. ಮೊಣಕೈ ಪಕ್ಕೆಗೆ ಒತ್ತಿರಲಿಲ್ಲ, ಹಾರುವ ಕೋಳಿಯ ರೆಕ್ಕೆಯ ಹಾಗೆ ಬಿಚ್ಚಿಕೊಂಡಿತ್ತು. ಲೆನ್ಸಿನ ಮೂತಿ ಬಗ್ಗುವುದು, ಅವನು ಎತ್ತುವುದು, ಮತ್ತೆ ಬಗ್ಗುವುದು. ಆ ಮಂಕು ಬೆಳಕಿನಲ್ಲಿ ಚಕಚಕ ಅಂತ ನಾಲ್ಕೈದು ತೆಗೆದ. ಫಾರೆಸ್ಟರ್ ಹಿಂದೆ ಕೈಕಟ್ಟಿ ನಿಂತು ತೃಪ್ತಿಯಿಂದ ನೋಡುತ್ತಿದ್ದರು. ಇಷ್ಟು ದೊಡ್ಡ ಲೆನ್ಸಿನಲ್ಲಿ ಬಾರದ್ದು ಇನ್ಯಾವುದರಲ್ಲಿ ಬರ್ತದೆ ಅಂತ ಯಾರಾದರೂ ಅಂದುಕೊಳ್ಳುವುದೇ. ರೋಲು ತೆಗೆದು ಅವರ ಕೈಗೇ ಕೊಟ್ಟ. "ನೀವೇ ತೊಳೆಸ್ಕೊಳ್ಳಿ ಸಾರ್, ನನಗೆ ಬೇಡ" ಅಂದ.

ಜೀಪು ಹೋಯಿತು. ಬಾಬು ಎಲೆಯಡಿಕೆ ಉಗಿದು ಹಗ್ಗ ಎತ್ತಿಕೊಂಡ.

"ಅಮ್ಮ, ತಾರೆ ಮರ ಹತ್ತಲಾ?"

ಎಲ್ಲರೂ ನನ್ನ ಕಡೆ ನೋಡಿದರು. ಶ್ರೀಧರ ಮಾತ್ರ ಲೆನ್ಸಿಗೆ ಬಟ್ಟೆ ಸುತ್ತುತ್ತಿದ್ದ.

"ಆ ಮರ ಬಿಡು. ಈ ಕಡೆದು ಮಾಡು" ಅಂದೆ.

ಗೋಡೌನಿನ ಬಾಗಿಲ ಹಿಂದೆ ಹೋಗಿ ನೋಡಿದೆ. ಸ್ಟ್ಯಾಂಡು ಅಲ್ಲೇ ಇತ್ತು. ಅದರ ಮೇಲೆ ನಾನು ಬೆಳಿಗ್ಗೆ ಒದ್ದೆ ಗೋಣಿ ಹರವಿದ್ದೆ, ಅದೂ ಹಾಗೇ ಇತ್ತು.

ಹತ್ತು ದಿನ ಕಳೆದು ಫಾರೆಸ್ಟರ್ ಬಸ್‌ಸ್ಟ್ಯಾಂಡಿನಲ್ಲಿ ನಮ್ಮನೆಯವರಿಗೆ ಸಿಕ್ಕಿದರಂತೆ. ಫೋಟೋದಲ್ಲಿ ಬೇಲಿಯೂ ಇಲ್ಲ, ಕಲ್ಲೂ ಇಲ್ಲ, ಬರೀ ಬೂದಿ ಬಳಿದ ಹಾಗಿದೆಯಂತೆ. "ಕ್ಯಾಮರಾ ದೊಡ್ಡದು, ಕೆಲಸ ಇಷ್ಟೇ" ಅಂತ ನಕ್ಕರಂತೆ. ಇನ್ನೊಮ್ಮೆ ಬರುವ ಮೊದಲೇ ಮಳೆ ಹಿಡಿಯಿತು. ಮಳೆಯಲ್ಲಿ ಆ ಹಳ್ಳ ಯಾರೂ ದಾಟುವುದಿಲ್ಲ. ಮಳೆ ಬಿಡುವಷ್ಟರಲ್ಲಿ ಅವರಿಗೆ ವರ್ಗವಾಗಿತ್ತು. ಕೆಲವು ವರ್ಷ ಬಿಟ್ಟು ಅಳತೆಯವರು ಚೈನು ಹಿಡಿದು ಬಂದರು. ಕಲ್ಲಿನಿಂದ ಆಚೆಯ ಅಂಚು ಬಿಡಿ ಅಂದರು, ಬಿಟ್ಟೆವು. ತಾರೆ ಮರ ಕಾಡಿನ ಕಡೆಗೆ ಹೋಯಿತು. ಉಳಿದದ್ದಕ್ಕೆ ಕಾಗದ ಬಂತು. ಅದರ ಕಾಫಿಯಲ್ಲೇ ಈಗ ಮೊಮ್ಮಗಳ ಮದುವೆ ಆಗುತ್ತಿರುವುದು.

ಶ್ರೀಧರ ಹೊರಟದ್ದು ಮೇ ತಿಂಗಳ ಕೊನೆಗೆ. ಹಿಂದಿನ ದಿನ ಮರಿ ಪೊಟರೆಯಿಂದ ಹೊರಗೆ ಬಂದು, ಹೆದರಿ, ಹತ್ತಿರದ ಕೊಂಬೆಗೆ ಹಾರಿ ಕೂತಿತ್ತು. ಅವನು ಚೀಲ ಕಟ್ಟುತ್ತಿದ್ದ. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಇಷ್ಟು ದಿನ ಕೇಳದೆ ಇಟ್ಟುಕೊಂಡದ್ದು ನನ್ನ ಮಟ್ಟಿಗೆ ದೊಡ್ಡದೇ.

"ಆವತ್ತು ಸ್ಟ್ಯಾಂಡ್ ಇಲ್ಲೇ ಇತ್ತಲ್ಲ."

"ಇತ್ತಾ?" ಅಂದ.

"ಇತ್ತು. ನಾನೇ ಅದರ ಮೇಲೆ ಗೋಣಿ ಒಣಗಿಸಿದ್ದೆ."

ಅವನು ಚೀಲದ ಬಾಯಿ ಕಟ್ಟಿ ಮುಗಿಸಿದ. "ನೀವೂ ಬಾಬುನ ಆ ಮರಕ್ಕೆ ಹತ್ತಿಸ್ಲಿಲ್ಲ" ಅಂದ.

"ಅದು ನೀವು ಬಟ್ಟು ಬಿಚ್ಚಿದ ಮೇಲೆ. ನೀವು ಬಿಚ್ಚಿದ್ದು ಯಾಕೆ? ನಮ್ಮ ತೋಟ ಉಳೀಲಿ ಅಂತಲಾ?"

ನಮ್ಮನೆಯವರು ಹಿಂದಿನಿಂದ, "ಹೌದು ಅನ್ನಿ ಮಾರಾಯ್ರೆ, ಇಲ್ಲದಿದ್ರೆ ಬಸ್ ತಪ್ತದೆ" ಅಂದರು.

ಶ್ರೀಧರ ಚೀಲ ಹೆಗಲಿಗೆ ಹಾಕಿಕೊಂಡ. "ಇಲ್ಲ ಅಮ್ಮ. ತೆರವಿನವರು ಬಂದ್ರೆ ಆಳು, ಕತ್ತಿ, ಗಲಾಟೆ. ಮರಿ ಹಾರೋವರೆಗೆ ಆ ಕಡೆ ಯಾರೂ ಬರಬಾರದಿತ್ತು. ಅಷ್ಟೇ" ಅಂದ.

ಅವನು ನಮ್ಮ ಮನೆಗೆ ಬಂದಾಗಿನಿಂದ ಆಡಿದ ಮಾತುಗಳಲ್ಲಿ, ಕೇಳಿದ ಕೂಡಲೇ ನಾನು ನಂಬಿದ್ದು ಅದೊಂದನ್ನೇ. ನಿಮಗೋಸ್ಕರ ಅಂದಿದ್ದರೆ ಇವತ್ತಿಗೂ ನಂಬುತ್ತಿರಲಿಲ್ಲ.